ಎಂಜಿನ್ನು ನಿಂತ ಬಗೆ

ಬಾದಾಮಿಯಿಂದ ಸುಮಾರು 14 ಕಿಲೋಮೀಟರು ದೂರದಲ್ಲಿ, ಸುತ್ತಲೂ ಗುಡ್ಡಗಳು ಆವರಿಸಿಕೊಂಡಿರುವ ತಂಪಾದ ತಾಣದಲ್ಲಿ ಮಹಾಕೂಟವಿದೆ. ಅಲ್ಲಿನ ಚಾಲುಕ್ಯರ ಕಾಲದ ದೇವಾಲಯಗಳ ನಡುವಣ ವಿಷ್ಣುಪುಷ್ಕರಿಣಿಗೆ ಬುಗ್ಗೆಯ ನೀರು ತಾನಾಗಿಯೇ ಬಂದು ಸೇರುತ್ತದೆ. ಅದನ್ನು ಎತ್ತುವವರಿಲ್ಲ, ಎಳೆಯುವವರಿಲ್ಲ. ಗುಡ್ಡದ ಮೇಲೆ ಬಿದ್ದ ಮಳೆ ಕಲ್ಲಿನ ಬಿರುಕುಗಳಲ್ಲಿ ಇಂಗಿ ತಗ್ಗಿನಲ್ಲಿ ಹೊರಬೀಳುತ್ತದೆ. ಇಳಿಜಾರಿಗೆ ಹರಿಯುವ ತನ್ನ ಸ್ವಭಾವದಿಂದಲೇ ಕೊಳವನ್ನು ತುಂಬುತ್ತದೆ. ಅಲ್ಲಿಂದ ಪಟ್ಟದಕಲ್ಲಿನ ಕಡೆಗೆ ನಡೆದು ಮಲಪ್ರಭೆಯ ದಂಡೆಯ ಮೇಲೆ ನಿಂತರೆ ಸಂಗತಿಯೇ ಬೇರೆ. ನದಿ ತಗ್ಗಿನಲ್ಲಿದೆ, ಹೊಲ ದಿಬ್ಬದ ಮೇಲಿದೆ. ಇಲ್ಲಿ ನೀರನ್ನು ಅದರ ಸ್ವಭಾವಕ್ಕೆ ವಿರುದ್ಧವಾಗಿ ಮೇಲಕ್ಕೇರಿಸಬೇಕು. ಹಿಂದಿನವರು ಎತ್ತು ಕಟ್ಟಿ, ಚರ್ಮದ ಚೀಲದಿಂದ ಆ ಕೆಲಸವನ್ನು ಮಾಡಿಸುತ್ತಿದ್ದರು. ಅನಂತರ ಎಣ್ಣೆಯ ಎಂಜಿನ್ನು ಬಂದಿತು. ಈಗ ಬಹುಮಟ್ಟಿಗೆ ವಿದ್ಯುತ್ ಪಂಪುಗಳೇ ಇದ್ದರೂ, ತಂತಿ ತಲಪದ ಹೊಲಗಳಲ್ಲಿ ಮತ್ತು ಬೇಕಾದ ಹೊತ್ತಿಗೆ ವಿದ್ಯುತ್ತು ಬಾರದಿದ್ದಾಗ ರೈತರು ಡೀಸೆಲ್ ಎಂಜಿನ್ನಿನ ಮೊರೆಹೋಗುವುದು ನಿಂತಿಲ್ಲ.

ಇಂತಹ ಎಂಜಿನ್ನುಗಳೊಡನೆ ಬೆರೆತುಹೋಗಿರುವ ಹೆಸರೊಂದು ಈ ನಾಡಿಗೆ ಹೊರಗಿನದೇನೂ ಅಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಜನಿಸಿದುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಅವರು ಕಬ್ಬಿಣದ ನೇಗಿಲನ್ನು ತಯಾರಿಸಿದರು; 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿದರು. ಎಣ್ಣೆಯ ಎಂಜಿನ್ನುಗಳಿಗಾಗಿಯೇ ಪುಣೆಯಲ್ಲಿ ಅವರ ಮನೆತನದ ಉದ್ಯಮವು 1946ರಲ್ಲಿ ಆರಂಭವಾಯಿತು. ಹೊಲದ ಬದುವಿನ ಮೇಲೆ ಡುಗುಡುಗು ಎನ್ನುತ್ತ ನೀರೆತ್ತುವ 5 ಅಶ್ವಶಕ್ತಿಯ ಎಂಜಿನ್ನಿನ ಸದ್ದು ಅಲ್ಲಿಂದ ಮುಂದೆ ಹಳ್ಳಿಗಳಿಗೆ ಪರಿಚಿತವಾಯಿತು.

ಆ ಸದ್ದು ನಿಂತಾಗಲೇ ಕಷ್ಟ. ಬೇಸಿಗೆಯ ಶೇಂಗಾ ಹೂವು ಬಿಟ್ಟು, ಸೂಜಿಗಳು ಮಣ್ಣಿಗಿಳಿದು ಕಾಯಿ ಕಟ್ಟುವ ಕಾಲದಲ್ಲಿ ನೀರು ತಪ್ಪಿದರೆ ಬಳ್ಳಿ ಹಸಿರಾಗಿಯೇ ಕಂಡರೂ ಕಾಯಿ ಜೊಳ್ಳಾಗುತ್ತದೆ. ಆಗ ಮನೆಯವರೆಲ್ಲರೂ ಎಂಜಿನ್ನಿನ ಸುತ್ತ ಸೇರುತ್ತಾರೆ. ಒಬ್ಬನು ಹ್ಯಾಂಡಲನ್ನು ತಿರುಗಿಸಿ ತಿರುಗಿಸಿ ಬೆವರುತ್ತಾನೆ. ಮತ್ತೊಬ್ಬನು ಕೈಗೆ ಸಿಕ್ಕ ನಟ್ಟುಗಳನ್ನೆಲ್ಲ ಬಿಚ್ಚತೊಡಗುತ್ತಾನೆ. ಒಂದು ಕಾರಣದಿಂದ ನಿಂತಿದ್ದ ಎಂಜಿನ್ನಿಗೆ ಹೀಗೆ ಸಂಜೆಯ ಹೊತ್ತಿಗೆ ಮೂರು ಕಾರಣಗಳು ಕೂಡಿಕೊಂಡಿರುತ್ತವೆ.

ಎಂಜಿನ್ನು ಓಡಲು ಗಾಳಿ ಬೇಕು, ಇಂಧನ ಬೇಕು, ಇಂಧನವನ್ನು ಹೊತ್ತಿಸುವ ಕಾವು ಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಕೊಳವೆ ಬಿಸಿಯಾಗುವುದನ್ನು ವಿದ್ಯಾರ್ಥಿಗಳು ಕಂಡಿರಬಹುದು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲನು 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನ ಗುಟ್ಟು ಇದೇ. ನಮ್ಮ ಹೊಲದ ಎಂಜಿನ್ನಿನಲ್ಲಿ ಪಿಸ್ಟನ್ನು ಗಾಳಿಯನ್ನು ಅದರ ಮೊದಲ ಗಾತ್ರದ ಹದಿನಾರರಲ್ಲಿ ಒಂದು ಪಾಲಿನಷ್ಟಕ್ಕೆ ಒತ್ತುತ್ತದೆ. ಆಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಆ ಕಾದ ಗಾಳಿಯೊಳಕ್ಕೆ ಸಿಂಪಡಿಸಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಒಂದೊಂದು ಸಲಕ್ಕೆ ಒಳಹೋಗುವ ಎಣ್ಣೆ ಎಷ್ಟೆಂಬುದನ್ನು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. 5 ಅಶ್ವಶಕ್ತಿಯ ಎಂಜಿನ್ನು ಗಂಟೆಗೆ ಸುಮಾರು ಒಂದು ಲೀಟರು ಡೀಸೆಲ್ ಕುಡಿಯುತ್ತದೆ. ಅದು ನಿಮಿಷಕ್ಕೆ 1500 ಸುತ್ತು ತಿರುಗುವುದಾದರೆ, ಎರಡು ಸುತ್ತಿಗೆ ಒಮ್ಮೆಯಂತೆ ನಿಮಿಷಕ್ಕೆ 750 ಸಲ, ಗಂಟೆಗೆ 45,000 ಸಲ ಎಣ್ಣೆ ಸಿಂಪಡಣೆಯಾಗಬೇಕು. ಒಂದು ಲೀಟರನ್ನು 45,000 ಪಾಲು ಮಾಡಿದರೆ ಒಂದು ಪಾಲಿಗೆ ಬರುವುದು ಒಂದು ಹನಿಯ ಅರ್ಧಕ್ಕೂ ಕಡಿಮೆ. ಈ ಅರ್ಧ ಹನಿಯ ಹಾದಿಯಲ್ಲಿ ಸಾಸಿವೆ ಕಾಳಿನಷ್ಟು ಕಸವಾಗಲಿ, ಒಂದು ಗಾಳಿಗುಳ್ಳೆಯಾಗಲಿ ಅಡ್ಡಬಂದರೆ ಎಂಜಿನ್ನು ಓಡುವುದಾದರೂ ಹೇಗೆ? ಎಂಜಿನ್ನು ದೊಡ್ಡದು, ಕಬ್ಬಿಣದ್ದು, ನಾಲ್ಕು ಜನ ಹೊರಬೇಕಾದದ್ದು. ಅದರ ಜೀವ ಮಾತ್ರ ಇಷ್ಟು ಸಣ್ಣ ವಸ್ತುವನ್ನು ಅವಲಂಬಿಸಿದೆ.

ಅನುಭವವುಳ್ಳ ಮೇಸ್ತ್ರಿಯು ಬಂದ ಕೂಡಲೇ ಪಾನಾವನ್ನು ಕೈಗೆತ್ತಿಕೊಳ್ಳುವುದಿಲ್ಲ. ಮೊದಲು ಆತನು ಕೇಳುವುದು ಎಂಜಿನ್ನು ನಿಂತ ಬಗೆಯನ್ನು. ನದಿಯ ದಂಡೆಯ ಯಾವುದಾದರೊಂದು ಹೊಲದಲ್ಲಿ ಇಂತಹ ಸಂಭಾಷಣೆ ನಡೆಯುವುದನ್ನು ಕಲ್ಪಿಸಿಕೊಳ್ಳಬಹುದು:

“ಕಾಕಾ, ಮೊದಲ ಇದನ್ನ ಹೇಳ್ರಿ. ಎಂಜಿನ್ ಒಮ್ಮಿಗೇ ನಿಂತಿತೋ, ಕೆಮ್ಮಿ ಕೆಮ್ಮಿ ನಿಂತಿತೋ?”

“ಕೆಮ್ಮಿ ಕೆಮ್ಮಿ ನಿಂತಿತಪ್ಪಾ. ಸ್ವಲ್ಪ ಹೊತ್ತು ಬಿಟ್ಟು ಹ್ಯಾಂಡಲ್ ಹೊಡದ್ರ ಮತ್ತ ಚಾಲೂ ಆತು. ಅರ್ಧಾ ತಾಸು ಓಡಿ ಮತ್ತ ಬಂದ್ ಬಿತ್ತು.”

“ಎಂದಿನಿಂದ ಹಿಂಗ ಆಗಾಕ ಹತ್ತೈತಿ?”

“ನಿನ್ನೆ ಟಾಕಿಗೆ ಹೊಸಾ ಮುಚ್ಚಳ ತಂದು ಹಾಕೀವಿ. ಆವಾಗಿನಿಂದ ಹಿಂಗ ಐತಿ ನೋಡು.”

ಮೇಸ್ತ್ರಿಯು ಎಣ್ಣೆಯ ಟಾಕಿಯ ಮುಚ್ಚಳವನ್ನು ಮೆಲ್ಲನೆ ಸಡಿಲಿಸುತ್ತಾನೆ. ‘ಸುಸ್’ ಎಂದು ಗಾಳಿ ಒಳಸೇರುವ ಸಪ್ಪಳ ಕೇಳಿಸುತ್ತದೆ. ಅಲ್ಲಿಗೆ ರೋಗ ತಿಳಿಯಿತು. ಟಾಕಿಯಿಂದ ಎಣ್ಣೆ ಇಳಿದಂತೆಲ್ಲ ಆ ಜಾಗವನ್ನು ತುಂಬಲು ಹೊರಗಿನ ಗಾಳಿ ಒಳಗೆ ಬರಬೇಕು. ಅದಕ್ಕಾಗಿಯೇ ಮುಚ್ಚಳದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಧೂಳು ಕುಳಿತೋ, ರಂಧ್ರವಿಲ್ಲದ ಮುಚ್ಚಳವನ್ನು ಹಾಕಿದ್ದರಿಂದಲೋ ಆ ದಾರಿ ಮುಚ್ಚಿದರೆ ಟಾಕಿಯೊಳಗಿನ ಒತ್ತಡ ತಗ್ಗುತ್ತದೆ, ಎಣ್ಣೆ ಕೆಳಗಿಳಿಯದು. ಎಂಜಿನ್ನು ಹಸಿದು ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸಂದುಗಳಿಂದ ಗಾಳಿ ನುಸುಳಿ ಒತ್ತಡ ಸರಿಹೋದಾಗ ಮತ್ತೆ ಓಡುತ್ತದೆ. ಟಾಕಿ ತುಂಬಿರುವಾಗ ಈ ತೊಂದರೆ ಬೇಗ ಕಾಣಿಸಿಕೊಳ್ಳುವುದು ಇನ್ನೂ ವಿಚಿತ್ರ. ಎಣ್ಣೆ ತುಂಬಿದೆಯಲ್ಲಾ ಎಂದು ರೈತನು ಆ ಕಡೆಗೆ ಅನುಮಾನಪಡುವುದೇ ಇಲ್ಲ. ಆದರೆ ಎಣ್ಣೆಯ ಮೇಲಿನ ಗಾಳಿಯ ಜಾಗ ಕಿರಿದಾದಷ್ಟೂ ಒತ್ತಡ ಬೇಗ ಕುಸಿಯುತ್ತದೆ. ಸೂಜಿಯಿಂದ ಒಂದು ರಂಧ್ರವನ್ನು ಬಿಡಿಸಿದರೆ ಮುಗಿಯುವ ಕೆಲಸವಿದು. ಅದನ್ನರಿಯದೆ ಎಣ್ಣೆ ಸಿಂಪಡಿಸುವ ನಾಜೂಕಾದ ನಾಝಲನ್ನು ಹೊಲದ ಧೂಳಿನಲ್ಲಿಯೇ ಬಿಚ್ಚಿ ಹರಡಿದವರೂ ಉಂಟು.

ಎಣ್ಣೆ ಪೂರ್ತಿ ತೀರಿ ನಿಂತ ಎಂಜಿನ್ನಿನ ಕಥೆ ಬೇರೆ. ಟಾಕಿಯನ್ನು ಮತ್ತೆ ತುಂಬಿದರೂ ಅದು ಹೊರಡುವುದಿಲ್ಲ, ಏಕೆಂದರೆ ಕೊಳವೆಯಲ್ಲಿ ಗಾಳಿ ಸೇರಿಕೊಂಡಿರುತ್ತದೆ. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗದೆ ಮುಂದಕ್ಕೆ ಚಿಮ್ಮುತ್ತದೆ. ಗಾಳಿಗುಳ್ಳೆಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ, ಮುಂದಕ್ಕೆ ಮಾತ್ರ ಏನೂ ಹೋಗುವುದಿಲ್ಲ. ಆಗ ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ ಗುಳ್ಳೆಗಳಿಲ್ಲದ ಎಣ್ಣೆ ಬರುವವರೆಗೆ ಹರಿಯಬಿಡಬೇಕು. ಅನಂತರ ಪಂಪಿನ ಬಳಿ, ಕೊನೆಗೆ ನಾಝಲಿನ ಕೊಳವೆಯ ಬಳಿ. ಟಾಕಿಯಿಂದ ಎಂಜಿನ್ನಿನ ಕಡೆಗೆ ಎಣ್ಣೆ ಸಾಗುವ ದಾರಿಯಲ್ಲಿಯೇ ಕ್ರಮವಾಗಿ ಸಾಗಬೇಕು. ನಡುವಿನಿಂದ ಆರಂಭಿಸಿದವನು ಮತ್ತೆ ಹಿಂದಕ್ಕೆ ಬರಬೇಕಾಗುತ್ತದೆ.

ದೊಡ್ಡ ಎಂಜಿನ್ನಿನಲ್ಲಿ ಕಬ್ಬಿಣದ ಮರೆಯಲ್ಲಿ ನಡೆಯುವ ಈ ವ್ಯವಹಾರಗಳೆಲ್ಲ ಒಂದು ಆಟದ ವಾಹನದಲ್ಲಿ ಕಣ್ಣಿಗೆ ಕಾಣುವಂತೆ ನಡೆಯುತ್ತವೆ. ಮೊಳಕ್ಕಿಂತ ತುಸು ಉದ್ದವಾದ, ರೇಡಿಯೋ ಅಲೆಗಳಿಂದ ದೂರದಲ್ಲಿಯೇ ನಿಂತು ನಡೆಸಬಹುದಾದ ಆಟದ ಲಾರಿಗಳಿವೆ. ಅವುಗಳಲ್ಲಿ ಕೆಲವಕ್ಕೆ ‘ನೈಟ್ರೋ’ ಎಂಜಿನ್ನು ಇರುತ್ತದೆ. ಬೆಂಗಳೂರಿನಂತಹ ನಗರಗಳ ಹವ್ಯಾಸಿಗಳು ಇವನ್ನು ಓಡಿಸುವುದುಂಟು, ಎನ್.ಸಿ.ಸಿ.ಯ ವಾಯುವಿಭಾಗದ ಕೆಡೆಟ್ಟುಗಳು ಹಾರಿಸುವ ಮಾದರಿ ವಿಮಾನಗಳಲ್ಲಿಯೂ ಇದೇ ಜಾತಿಯ ಎಂಜಿನ್ನುಗಳು ಬಳಕೆಯಲ್ಲಿವೆ. ಈಚೆಗೆ ಬ್ಯಾಟರಿಯ ಮಾದರಿಗಳು ಹೆಚ್ಚಾಗಿವೆ. ಅವು ಸುಲಭ, ಸ್ವಚ್ಛ. ಆದರೆ ಎಂಜಿನ್ನು ಏಕೆ ನಿಲ್ಲುತ್ತದೆಂಬುದನ್ನು ಕಲಿಸುವ ಶಕ್ತಿ ಅವುಗಳಿಗಿಲ್ಲ.

ನೈಟ್ರೋ ಎಂಜಿನ್ನಿನ ಸಿಲಿಂಡರು ಮೂರೂವರೆ ಘನ ಸೆಂಟಿಮೀಟರಿನಷ್ಟು ಮಾತ್ರ, ಎಂದರೆ ಮುಕ್ಕಾಲು ಚಮಚದಷ್ಟು. ಆದರೆ ಅದು ನಿಮಿಷಕ್ಕೆ 30,000 ಸುತ್ತು ತಿರುಗಬಲ್ಲುದು. ಅದರ ಇಂಧನ ಪೆಟ್ರೋಲಲ್ಲ. ಮೆಥನಾಲ್ ಎಂಬ ಮದ್ಯಸಾರ, ನೈಟ್ರೋಮೀಥೇನ್ ಎಂಬ ದ್ರವ ಮತ್ತು ಜಾರೆಣ್ಣೆ ಇವುಗಳ ಮಿಶ್ರಣ. ನೈಟ್ರೋಮೀಥೇನು ತನ್ನೊಳಗೆಯೇ ಆಮ್ಲಜನಕವನ್ನು ಹೊತ್ತು ತರುವುದರಿಂದ ಅದೇ ಗಾಳಿಯಲ್ಲಿ ಹೆಚ್ಚು ಇಂಧನವನ್ನು ಉರಿಸಬಹುದು. ಮೆಥನಾಲು ಕುಡಿದರೆ ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ವಿಷವೆಂಬುದನ್ನೂ, ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಾಣದಷ್ಟು ತಿಳಿಯಾಗಿರುತ್ತದೆಂಬುದನ್ನೂ ಇಲ್ಲಿಯೇ ಹೇಳಬೇಕು. ಹಿರಿಯರ ಎದುರಿನಲ್ಲಲ್ಲದೆ ಮಕ್ಕಳು ಇದನ್ನು ಮುಟ್ಟತಕ್ಕದ್ದಲ್ಲ.

ಇದನ್ನು ಹೊತ್ತಿಸುವುದು ಕಿಡಿಯೂ ಅಲ್ಲ, ಕೇವಲ ಒತ್ತಡವೂ ಅಲ್ಲ. ಪ್ಲಾಟಿನಮ್ಮಿನ ಒಂದು ಸುರುಳಿತಂತಿ. ಅಮೆರಿಕದ ರೇ ಆರ್ಡನ್ ಎಂಬಾತನು 1947ರಲ್ಲಿ ಈ ಬಗೆಯ ಕೆಂಡದ ಪ್ಲಗ್ಗನ್ನು ಬಳಕೆಗೆ ತಂದನು. ಮೊದಲು ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ತಂತಿಯನ್ನು ಕೆಂಪಾಗಿಸಿ ಎಂಜಿನ್ನನ್ನು ಹೊರಡಿಸುತ್ತಾರೆ. ಆಮೇಲೆ ಬ್ಯಾಟರಿಯನ್ನು ತೆಗೆದರೂ, ಉರಿಯುವ ಇಂಧನದ ಕಾವಿನಿಂದಲೂ ಪ್ಲಾಟಿನಮ್ಮಿನ ಮೇಲೆ ಮೆಥನಾಲಿನ ಆವಿ ನಡೆಸುವ ರಾಸಾಯನಿಕ ಕ್ರಿಯೆಯಿಂದಲೂ ತಂತಿ ಕೆಂಪಾಗಿಯೇ ಉಳಿಯುತ್ತದೆ. ಮನೆಯ ಒಲೆಯಲ್ಲಿ ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಊದಿ ಹೊತ್ತಿಸಿಕೊಳ್ಳುತ್ತಿದ್ದಂತೆಯೇ ಇದು; ಇಲ್ಲಿ ಎರಡು ಉರಿಗಳ ನಡುವಣ ಅಂತರ ಮಾತ್ರ ಸೆಕೆಂಡಿನ ಐನೂರರಲ್ಲಿ ಒಂದು ಪಾಲು.

ಈಗ ಈ ಪುಟ್ಟ ಎಂಜಿನ್ನು ನಿಂತಿತೆನ್ನೋಣ. ಮೇಸ್ತ್ರಿ ಕೇಳಿದ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕು. ಬ್ಯಾಟರಿಯನ್ನು ತೆಗೆದ ಕ್ಷಣದಲ್ಲಿಯೇ ನಿಂತಿತೆ? ಹಾಗಿದ್ದರೆ ಮೊದಲು ಅನುಮಾನಿಸಬೇಕಾದುದು ಪ್ಲಗ್ಗನ್ನು. ಸುರುಳಿ ಮಂಕಾಗಿದೆ, ಬದಲಾಯಿಸಬೇಕು. ನಿಧಾನಗತಿಯಲ್ಲಿ ಸ್ವಲ್ಪ ಹೊತ್ತು ಓಡಿ, ದಟ್ಟವಾದ ಹೊಗೆಯನ್ನುಗುಳುತ್ತ, ಗುಡುಗುಟ್ಟುತ್ತ ಕುಗ್ಗಿ ನಿಂತಿತೆ? ಇಂಧನ ಹೆಚ್ಚಾಗಿದೆ, ಉರಿಯದೆ ಉಳಿದ ತಣ್ಣನೆಯ ದ್ರವ ಆ ಕೆಂಡವನ್ನು ನಂದಿಸಿದೆ. ಅಥವಾ ಹೊಗೆಯೇ ಇಲ್ಲದೆ, ಸದ್ದು ಒಮ್ಮೆ ಕೀಚಲಾಗಿ ಏರಿ, ತಟ್ಟನೆ ಕತ್ತರಿಸಿದಂತೆ ನಿಂತಿತೆ? ಇಂಧನ ಸಾಲದಾಗಿದೆ. ಇದು ಹೆಚ್ಚು ಅಪಾಯದ ಬಗೆ. ಈ ಎಂಜಿನ್ನಿಗೆ ಜಾರೆಣ್ಣೆ ಬರುವುದೂ ಇಂಧನದೊಂದಿಗೇ ಆದುದರಿಂದ, ಇಂಧನ ಕಡಿಮೆಯಾದರೆ ಕಾವು ಏರುತ್ತದೆ, ಜಾರುವಿಕೆ ತಗ್ಗುತ್ತದೆ, ಪಿಸ್ಟನ್ನು ಸಿಲಿಂಡರನ್ನು ಕೆರೆಯುತ್ತದೆ. ಹಾಗೆ ನಿಂತುದನ್ನು ಮತ್ತೆ ಮತ್ತೆ ಹೊರಡಿಸುವುದೆಂದರೆ ಅದನ್ನು ಕೈಯಾರೆ ಕೆಡಿಸಿದಂತೆ.

ಇಂಧನದ ಪ್ರಮಾಣವನ್ನು ನಿರ್ಧರಿಸುವುದು ಸೂಜಿಯಂತಹ ಒಂದು ತಿರುಪು. ಅದನ್ನು ಒಮ್ಮೆಗೆ ಎಷ್ಟು ತಿರುಗಿಸಬೇಕು? ಬಲ್ಲವರು ಗಡಿಯಾರದ ಮುಖವನ್ನು ಅಳತೆಯಾಗಿ ಇಟ್ಟುಕೊಳ್ಳುತ್ತಾರೆ. ಒಂದು ಸಲಕ್ಕೆ ಒಂದು ಗಂಟೆಯಷ್ಟು, ಎಂದರೆ ಸುತ್ತಿನ ಹನ್ನೆರಡರಲ್ಲಿ ಒಂದು ಪಾಲು. ತಿರುಗಿಸಿ, ಓಡಿಸಿ, ಕಿವಿಗೊಟ್ಟು ಕೇಳಿ, ಬೇಕಿದ್ದರೆ ಮತ್ತೊಂದು ಗಂಟೆ. ಅವಸರದ ಹುಡುಗನು ತಿರುಪನ್ನೂ ತಿರುಗಿಸಿ, ಪ್ಲಗ್ಗನ್ನೂ ಬದಲಾಯಿಸಿ, ಹೊಸ ಇಂಧನವನ್ನೂ ಹಾಕುತ್ತಾನೆ. ಎಂಜಿನ್ನು ಓಡಿದರೂ ಯಾವುದರಿಂದ ಓಡಿತೆಂದು ಆತನಿಗೆ ತಿಳಿಯದು. ನಾಳೆ ನಿಂತರೆ ಮೂರನ್ನೂ ಮತ್ತೆ ಮಾಡಬೇಕು. ತಿರುಪು ಸರಿಯಿದೆಯೆ ಎಂಬುದನ್ನು ಪರೀಕ್ಷಿಸಲು ಚೆಲುವಾದ ಉಪಾಯವೊಂದಿದೆ. ಎಂಜಿನ್ನು ಚೆನ್ನಾಗಿ ಕಾದ ಮೇಲೆ, ಅದು ನಿಧಾನವಾಗಿ ಓಡುತ್ತಿರುವಾಗ, ಇಂಧನದ ರಬ್ಬರು ಕೊಳವೆಯನ್ನು ಎರಡು ಬೆರಳುಗಳಿಂದ ಅದುಮಿ ಹಿಡಿಯಬೇಕು. ಎರಡು ಮೂರು ಸೆಕೆಂಡು ಓಡಿ, ವೇಗ ತುಸು ಏರಿ, ನಿಂತರೆ ಸರಿ. ಅದುಮಿದ ಕೂಡಲೇ ನಿಂತರೆ ಇಂಧನ ಸಾಲದು. ಐದಾರು ಸೆಕೆಂಡು ಎಳೆದಾಡಿದರೆ ಹೆಚ್ಚಾಗಿದೆ. ಬೆಳಗಿನ ತಂಪಿನಲ್ಲಿ ಗಾಳಿ ಸಾಂದ್ರವಾಗಿರುವುದರಿಂದ ಸುಡುವ ಮಧ್ಯಾಹ್ನದಲ್ಲಿ ಹದಗೊಳಿಸಿದ ತಿರುಪು ಮರುದಿನ ಮುಂಜಾನೆ ತಪ್ಪೆನಿಸಬಹುದು.

ಈ ಲಾರಿಯ ಟಾಕಿಯ ಮುಚ್ಚಳದ ಸಂಗತಿ ಹೊಲದ ಎಂಜಿನ್ನಿನದಕ್ಕೆ ತೀರ ವಿರುದ್ಧ. ಹೊಗೆಕೊಳವೆಯಿಂದ ಒಂದು ಸಣ್ಣ ನಳಿಕೆ ಟಾಕಿಗೆ ಬಂದಿರುತ್ತದೆ; ಹೊಗೆಯ ಒತ್ತಡವೇ ಇಂಧನವನ್ನು ಎಂಜಿನ್ನಿನತ್ತ ತಳ್ಳುತ್ತದೆ. ಆದುದರಿಂದ ಇಲ್ಲಿ ಮುಚ್ಚಳ ಬಿಗಿಯಾಗಿರಬೇಕು. ಅದು ಸಡಿಲವಾದರೆ, ಅಥವಾ ಆ ನಳಿಕೆ ಕಳಚಿದರೆ, ಒತ್ತಡವಿಲ್ಲದೆ ಇಂಧನ ಬಾರದು, ಎಂಜಿನ್ನು ನಿಲ್ಲುತ್ತದೆ. ಒಂದರಲ್ಲಿ ಮುಚ್ಚಳದ ದಾರಿ ಮುಚ್ಚಿದ್ದು ರೋಗ, ಇನ್ನೊಂದರಲ್ಲಿ ತೆರೆದದ್ದು ರೋಗ. ‘ಎಂಜಿನ್ನು ನಿಂತರೆ ಮುಚ್ಚಳ ಸಡಿಲಿಸು’ ಎಂದು ಬಾಯಿಪಾಠ ಮಾಡಿದವನು ಇಲ್ಲಿ ಸೋಲುತ್ತಾನೆ. ಟಾಕಿಯಿಂದ ಇಂಧನ ಏಕೆ ಹೊರಬರುತ್ತದೆಂಬುದನ್ನು ಅರಿತವನಿಗೆ ಎರಡೂ ಒಂದೇ ಪಾಠ.

ಎಂಜಿನ್ನಿನಲ್ಲಿ ಯಾವ ದೋಷವೂ ಇಲ್ಲದೆ ಅದು ನಿಲ್ಲುವುದೂ ಉಂಟು. ಆಟದ ಲಾರಿಯ ಗಾಲಿಗೆ ದಾರ ಸುತ್ತಿಕೊಂಡರೆ, ಬ್ರೇಕು ಹಿಡಿದುಕೊಂಡೇ ಇದ್ದರೆ, ಆ ಹೊರೆಯನ್ನು ಎಳೆಯಲಾರದೆ ಎಂಜಿನ್ನು ನಿಲ್ಲುತ್ತದೆ. ಹೊಲದಲ್ಲಿ ಪಂಪಿನ ಬೇರಿಂಗು ಬಿಗಿದುಕೊಂಡರೆ, ಒಳಗೆ ಕಸ ಸಿಕ್ಕಿಕೊಂಡರೆ ಆಗುವುದೂ ಅದೇ. ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಇದೆ. ಪಂಪಿನ ಸೇದುಕೊಳವೆಗೆ ಗಾಳಿ ಸೇರಿ ನೀರು ಬಿಟ್ಟುಹೋದರೆ ಹೊರೆ ತಪ್ಪಿ ಎಂಜಿನ್ನಿನ ಸದ್ದು ಹಗುರವಾಗುತ್ತದೆ. ಎಂಜಿನ್ನನ್ನು ತಂಪಾಗಿಡುವ ನೀರು ಆ ಪಂಪಿನಿಂದಲೇ ಬರುವಂತಿದ್ದರೆ ಅದೂ ನಿಲ್ಲುತ್ತದೆ. ಕಾದ ಪಿಸ್ಟನ್ನು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹೀಗೆ ಕಾದು ನಿಂತ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಎರಕದ ಕಬ್ಬಿಣ ಬಿರಿಯುತ್ತದೆ. ಅದು ತಾನಾಗಿಯೇ ಆರುವವರೆಗೆ ಕಾಯಬೇಕು. ಮರದ ನೆರಳಿನಲ್ಲಿ ಕುಳಿತಿದ್ದರೂ ರೈತನ ಕಿವಿ ಎಂಜಿನ್ನಿನ ಕಡೆಗೇ ಇರುವುದು ಇದಕ್ಕಾಗಿ.

ನೆರೆಯಲ್ಲಿ ಮುಳುಗಿದ ಎಂಜಿನ್ನಿನದು ಇನ್ನೊಂದು ಬಗೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಆವರಣವನ್ನೂ ಹೊಕ್ಕಿತು. ಅಂತಹ ನೆರೆ ಇಳಿದ ಮೇಲೆ ಎಂಜಿನ್ನನ್ನು ಒರೆಸಿ, ಒಡನೆಯೇ ಹ್ಯಾಂಡಲು ಹೊಡೆಯುವುದು ಸಲ್ಲದು. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ನನ್ನು ಬಲವಂತದಿಂದ ಮೇಲಕ್ಕೊತ್ತಿದರೆ ಅದನ್ನು ಹೊತ್ತ ಉಕ್ಕಿನ ದಂಡವೇ ಬಾಗುತ್ತದೆ. ನೈಟ್ರೋ ಎಂಜಿನ್ನಿನಲ್ಲಿ ಇಂಧನ ತುಂಬಿಕೊಂಡು ಹಗ್ಗ ಎಳೆಯಲು ಬಾರದಂತಾದಾಗ ಪ್ಲಗ್ಗನ್ನು ಬಿಚ್ಚಿ, ಲಾರಿಯನ್ನು ತಲೆಕೆಳಗು ಮಾಡಿ ದ್ರವವನ್ನು ಹೊರಹಾಕುತ್ತಾರೆ. ಹೊಲದ ಎಂಜಿನ್ನನ್ನು ತಲೆಕೆಳಗು ಮಾಡುವಂತಿಲ್ಲ. ನಾಝಲನ್ನು ಬಿಚ್ಚಿ, ಮೆಲ್ಲನೆ ಕೈಯಿಂದ ತಿರುಗಿಸಿ ನೀರನ್ನು ಹೊರಗೆಡವಿ, ಡೀಸೆಲನ್ನೂ ಜಾರೆಣ್ಣೆಯನ್ನೂ ಪೂರ್ತಿ ಬದಲಾಯಿಸಬೇಕು.

ಇದುವರೆಗೆ ಎಣ್ಣೆಯ ಮತ್ತು ಹೊರೆಯ ಮಾತಾಯಿತು. ಗಾಳಿಯ ಮಾತು ಉಳಿದಿದೆ, ಅದೇ ಎಲ್ಲಕ್ಕಿಂತ ಗಂಭೀರವಾದದ್ದು. ನಮ್ಮ ಹೊಲದ ಎಂಜಿನ್ನಿನ ಸಿಲಿಂಡರು ಸುಮಾರು ಅರ್ಧ ಲೀಟರಿನದು. ನಿಮಿಷಕ್ಕೆ 750 ಸಲ ಉಸಿರೆಳೆದರೆ ಅದಕ್ಕೆ 300 ಲೀಟರಿಗೂ ಮಿಕ್ಕಿ ಗಾಳಿ ಬೇಕು. ಸುಗ್ಗಿಯ ದಿನಗಳ ಕೆಂಧೂಳು ಗಾಳಿಯ ಫಿಲ್ಟರಿನಲ್ಲಿ ತುಂಬಿಕೊಂಡರೆ ಎಣ್ಣೆ ಪೂರ್ತಿ ಉರಿಯದೆ ಹೊಗೆ ಕಪ್ಪಾಗುತ್ತದೆ, ಶಕ್ತಿ ಕುಂದುತ್ತದೆ. ಫಿಲ್ಟರನ್ನು ತೊಳೆದರೆ ಸರಿಹೋಗುತ್ತದೆ. ಆದರೆ ಎಂಜಿನ್ನು ಬಾವಿಯೊಳಗಿದ್ದಾಗ?

ಪಂಪು ನೀರನ್ನು ಎಳೆಯುತ್ತದೆ ಎನ್ನುತ್ತೇವೆ. ನಿಜವಾಗಿ ನೀರನ್ನು ಮೇಲಕ್ಕೆ ತಳ್ಳುವುದು ವಾತಾವರಣದ ಒತ್ತಡ. ಲೆಕ್ಕದ ಪ್ರಕಾರ ಅದು 10 ಮೀಟರಿಗೆ ಸ್ವಲ್ಪ ಮೇಲ್ಪಟ್ಟು ಏರಿಸಲಾರದು. ವ್ಯವಹಾರದಲ್ಲಿ ಆರೇಳು ಮೀಟರೇ ಹೆಚ್ಚು. ಬೇಸಿಗೆಯಲ್ಲಿ ಬಾವಿಯ ನೀರು ಅದಕ್ಕಿಂತ ಕೆಳಗಿಳಿದಾಗ ಪಂಪನ್ನೂ ಎಂಜಿನ್ನನ್ನೂ ಬಾವಿಯೊಳಗಿನ ಕಟ್ಟೆಯ ಮೇಲೆ ಇಳಿಸುವ ರೂಢಿ ಬಂದುದು ಹೀಗೆ. 3 ಮೀಟರು ಅಗಲದ ದುಂಡುಬಾವಿಯಲ್ಲಿ ನೀರಿನ ಮೇಲೆ 6 ಮೀಟರು ಬರಿದಾಗಿದ್ದರೆ ಅಲ್ಲಿರುವ ಗಾಳಿ ಸುಮಾರು 42,000 ಲೀಟರು. ನಿಮಿಷಕ್ಕೆ 300 ಲೀಟರಿನಂತೆ ಎರಡು ಗಂಟೆ ಇಪ್ಪತ್ತು ನಿಮಿಷಗಳಲ್ಲಿ ಎಂಜಿನ್ನು ಅಷ್ಟು ಗಾಳಿಯನ್ನೂ ಒಮ್ಮೆ ಉಸಿರಾಡಿ ಹೊಗೆಯಾಗಿ ಬಿಟ್ಟಿರುತ್ತದೆ. ಮೇಲಿನಿಂದ ಹೊಸ ಗಾಳಿ ಇಳಿಯುವುದು ನಿಧಾನ. ಹೊಗೆಯಲ್ಲಿನ ಇಂಗಾಲದ ಡೈ ಆಕ್ಸೈಡು ಗಾಳಿಗಿಂತ ಭಾರ, ಆರಿದಂತೆ ತಳದಲ್ಲಿಯೇ ನೆಲಸುತ್ತದೆ. ಎಂಜಿನ್ನು ತಾನು ಬಿಟ್ಟ ಹೊಗೆಯನ್ನೇ ಮತ್ತೆ ಸೇವಿಸುತ್ತ, ಸದ್ದು ಕುಗ್ಗುತ್ತ, ಹೊಗೆ ಕಪ್ಪಾಗುತ್ತ, ಟಾಕಿಯಲ್ಲಿ ಎಣ್ಣೆಯಿದ್ದೂ ಮೆಲ್ಲನೆ ನಿಂತುಹೋಗುತ್ತದೆ.

ಹೀಗೆ ನಿಂತ ಎಂಜಿನ್ನನ್ನು ಹೊರಡಿಸಲೆಂದು ಮನೆಯ ಮಗನು ಸರಸರನೆ ಬಾವಿಗಿಳಿಯುತ್ತಾನೆ. ಕಬ್ಬಿಣದ ಎಂಜಿನ್ನೇ ಉಸಿರಾಡಲಾರದೆ ನಿಂತ ಜಾಗವದು ಎಂಬುದು ಆತನಿಗೆ ಹೊಳೆಯುವುದಿಲ್ಲ. ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡೂ ಇರುತ್ತದೆ. ಪೆಟ್ರೋಲು, ಸೀಮೆಎಣ್ಣೆಗಳ ಎಂಜಿನ್ನುಗಳಲ್ಲಂತೂ ಇನ್ನೂ ಹೆಚ್ಚು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಲದಿಂದ ಅಂಟಿಕೊಳ್ಳುತ್ತದೆ. ಕೈಕಾಲು ಸೋತ ಮೇಲೆಯೇ ಇಳಿದವನಿಗೆ ಅಪಾಯದ ಅರಿವಾಗುವುದು. ಆಗ ಮೆಟ್ಟಿಲೇರುವ ಶಕ್ತಿ ಉಳಿದಿರುವುದಿಲ್ಲ. ಆತನು ಕುಸಿದುದನ್ನು ಕಂಡು ಅಣ್ಣನು ಇಳಿಯುತ್ತಾನೆ, ಅಣ್ಣನನ್ನು ಕಂಡು ನೆರೆಹೊಲದವನು. ಒಂದೇ ಬಾವಿಯಲ್ಲಿ ಒಂದೇ ದಿನ ಎರಡು ಮೂರು ಜೀವಗಳು ಹೋಗುವುದು ಈ ಕ್ರಮದಿಂದ.

ಉರಿಯುವ ದೀಪವನ್ನು ಬಾವಿಗಿಳಿಸಿ, ಅದು ಆರದಿದ್ದರೆ ಇಳಿಯಬಹುದೆಂದು ತಿಳಿಯುವ ಹಳೆಯ ಪದ್ಧತಿಯೊಂದಿದೆ. ಆಮ್ಲಜನಕ ತೀರ ಕಡಿಮೆಯಾಗಿದ್ದರೆ ದೀಪ ಆರುತ್ತದೆಂಬುದು ನಿಜ. ಆದರೆ ಮಾನಾಕ್ಸೈಡಿನಿಂದ ಮನುಷ್ಯ ಸಾಯುವಷ್ಟು ವಿಷವಿರುವಲ್ಲಿಯೂ ದೀಪ ನೆಟ್ಟಗೆ ಉರಿಯುತ್ತಲೇ ಇರಬಹುದು. ಪೆಟ್ರೋಲಿನ ಆವಿಯಿದ್ದರೆ ಅದೇ ದೀಪ ಬಾವಿಗೆ ಬೆಂಕಿ ಹಚ್ಚೀತು. ಎಣ್ಣೆಯ ಎಂಜಿನ್ನನ್ನು ಬಾವಿಯೊಳಗಾಗಲಿ, ಮುಚ್ಚಿದ ಕೋಣೆಯಲ್ಲಾಗಲಿ ಓಡಿಸಲೇಬಾರದು. ಆಳದ ನೀರಿಗೆ ನೀರೊಳಗೇ ಇಳಿಬಿಡುವ ವಿದ್ಯುತ್ ಪಂಪು ತಕ್ಕದ್ದು. ಈಗಾಗಲೇ ಬಾವಿಯಲ್ಲಿ ಎಂಜಿನ್ನು ನಿಂತಿದ್ದರೆ ಯಾರೂ ಇಳಿಯಕೂಡದು. ಮರುದಿನ ಬೆಳಿಗ್ಗೆ ಗಾಳಿ ತಿಳಿಯಾಗಿರಬಹುದೆಂದು ಇಳಿಯುವುದೂ ತಪ್ಪು, ಏಕೆಂದರೆ ಗಾಳಿ ಬೀಸದ ಆಳದಲ್ಲಿ ಭಾರವಾದ ಅನಿಲ ದಿನಗಟ್ಟಲೆ ನಿಲ್ಲಬಲ್ಲುದು. ಯಾರಾದರೂ ಒಳಗೆ ಬಿದ್ದಿದ್ದರೆ, ಪ್ರಜ್ಞೆಯಿರುವವನಿಗೆ ಮೇಲಿನಿಂದಲೇ ಹಗ್ಗವನ್ನು ಎಸೆಯಬೇಕು, 112ಕ್ಕೆ ಕರೆಮಾಡಿ ಅಗ್ನಿಶಾಮಕ ದಳದವರನ್ನು ಕರೆಸಬೇಕು. ಅವರು ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಮೇಲೆ ಹಗ್ಗ ಹಿಡಿಯುವವರು ನಿಂತ ಮೇಲೆಯೇ ಇಳಿಯುತ್ತಾರೆ.